ಅಪ್ಪ ಮಾಡಿದ ಬಾಣಂತನ

ನನ್ನ ಮೊದಲ ಹೆರಿಗೆ ಆದದ್ದು ಕೋಲಾರದ ಒಂದು ಆಸ್ಪತ್ರೆಯಲ್ಲಿ. ಬಾಣಂತನ ಮಾಡಿದ್ದು ನನ್ನ ಅಪ್ಪ. ಮೊಮ್ಮಕ್ಕಳಿಗೆ ಈ ಮಾತು ಹೇಳಿದಾಗಲೆಲ್ಲ ನಾನು ತಪ್ಪಿ ಆಡಿದೆನೆಂದು, "ಅಪ್ಪ ಅಲ್ಲ ಅಜ್ಜಿ, ಅಮ್ಮ ಅನ್ನು" ಎಂದು ತಿದ್ದುತ್ತಾರೆ. ತಪ್ಪಲ್ಲ. ಹದಿಮೂರು ದಿನ ಆಸ್ಪತ್ರೆಯ ಅಂಗಳದ ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ, ನೇಗಿಲು ಹಿಡಿದು ಒರಟಾದ ಕೈಯಲ್ಲಿ ನನಗೆ ಅಡುಗೆ ಮಾಡಿ ಹಾಕಿದವನು ಅವನೇ.

ನಮ್ಮದು ಟೇಕಲ್ ಬೆಟ್ಟದ ಹಿಂದಿನ ಹಳ್ಳಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ನನ್ನ ತಮ್ಮನನ್ನು ಹೆತ್ತು, ಹನ್ನೊಂದನೆಯ ದಿನ ಜ್ವರದಲ್ಲಿ ತೀರಿಕೊಂಡಳು. ತಮ್ಮನೂ ತಿಂಗಳು ತುಂಬುವ ಮೊದಲೇ ಹೋದ. ಅಪ್ಪ ಮತ್ತೆ ಮದುವೆಯಾಗಲಿಲ್ಲ. ನನ್ನನ್ನು ಬೆಳೆಸಿದ್ದು ಅಜ್ಜಿ. ಹದಿನೇಳಕ್ಕೆ ಮುಳಬಾಗಿಲಿನ ಹತ್ತಿರದ ಊರಿಗೆ ಕೊಟ್ಟರು. ನನ್ನ ಗಂಡ ಅಲ್ಲಿನ ಸ್ಕೂಲಿನಲ್ಲಿ ಮೇಷ್ಟ್ರು. ಮರುವರ್ಷ ನಾನು ಬಸುರಿಯಾಗಿ ತೌರಿಗೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಕ್ಕರೆ, ಸೀಮೆಎಣ್ಣೆ, ಅಕ್ಕಿ ಎಲ್ಲಕ್ಕೂ ರೇಷನ್ ಇದ್ದ ಕಾಲ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು ಅಪ್ಪ ಪಟ್ಟು ಹಿಡಿದ. ಅಜ್ಜಿ ಒಪ್ಪಲಿಲ್ಲ. ಆಗ ಅವಳಿಗೆ ಕಣ್ಣು ಪೂರಾ ಮಂಜಾಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು, ಆದರೆ ದನಿಗೆ ಏನೂ ಆಗಿರಲಿಲ್ಲ.

"ಆಸ್ಪತ್ರೆಗೆ ಹೋಗೋರು ಸಾಯೋಕೆ ಹೋಗ್ತಾರೆ ಕಣೋ! ನಮ್ಮನೇಲಿ ಹೆರಿಗೆ ಆಗಿಲ್ವಾ?"

"ಮನೇಲಿದ್ದೋಳು ಬದುಕಿದ್ಲಾ ಅವ್ವ?" ಎಂದ ಅಪ್ಪ.

ಅವನು ಜೋರಾಗಿ ಹೇಳಲಿಲ್ಲ. ಆದರೆ ಅಜ್ಜಿ ಗೋಡೆ ಹಿಡಿದು ಒಳಗೆ ಹೋದಳು.

ನನ್ನ ಜೊತೆಗೆ ಚಿಕ್ಕಮ್ಮ ಬರುವುದೆಂದು ಮಾತಾಗಿತ್ತು. ಹೊರಡುವ ಎರಡು ದಿನ ಮೊದಲು ಅವಳ ಕಿರಿ ಮಗುವಿಗೆ ದಡಾರ ಎದ್ದಿತು. ದಡಾರದ ಮನೆಯಿಂದ ಯಾರೂ ಬಾಣಂತಿಯ ಹತ್ತಿರ ಬರುವ ಹಾಗಿಲ್ಲ. ಕೇರಿಯಲ್ಲಿ ಕೇಳಿದರೆ ಆಸ್ಪತ್ರೆಯೆಂದ ಕೂಡಲೇ ಎಲ್ಲರಿಗೂ ಒಂದೊಂದು ಕೆಲಸ ನೆನಪಾಯಿತು. ಅಪ್ಪ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಒಳಗೆ ಹೋಗಿ, ಒಂದು ಚೀಲಕ್ಕೆ ರಾಗಿಹಿಟ್ಟು, ಹುರುಳಿ, ಬೆಳ್ಳುಳ್ಳಿ, ಮೆಣಸು ಕಟ್ಟತೊಡಗಿದ. ಎರಡು ಪಾತ್ರೆ, ಒಂದು ಮಡಕೆ, ಮುದ್ದೆಗೆ ಹಿಟ್ಟು ಕೂಡಿಸುವ ಕೋಲು ಎಲ್ಲ ಒಂದು ಗಂಟಾದವು.

"ಒಲೆ ಹಚ್ಚೋಕೆ ಬರುತ್ತೇನೋ ನಿಂಗೆ?" ಎಂದು ಅಜ್ಜಿ ಕೇಳಿದಳು. ಅವಳಿಗೆ ಪಾತ್ರೆಯ ಸದ್ದು ಕೇಳಿಸಿತ್ತು.

"ಕಲೀತೀನಿ ಬಿಡು."

ಟೇಕಲ್‌ನಿಂದ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಹೋಗಿ, ಅಲ್ಲಿಂದ ಸಣ್ಣ ರೈಲು ಹತ್ತಿ ಕೋಲಾರ ಸೇರಿದೆವು. ನಾನು ನಡೆಯುವಾಗಲೆಲ್ಲ ಅಪ್ಪ ಹೆಜ್ಜೆ ಸಣ್ಣ ಮಾಡುತ್ತಿದ್ದ. ಗಂಟಿನಿಂದ ಹಿಟ್ಟಿನ ಕೋಲು ಹೊರಗೆ ಚಾಚಿಕೊಂಡಿತ್ತು. ಸ್ಟೇಷನ್ನಿನಲ್ಲಿ ಹೆಂಗಸರು ಅದನ್ನೂ ಅಪ್ಪನ ಮೀಸೆಯನ್ನೂ ನೋಡಿ ಸೆರಗು ಬಾಯಿಗೆ ಹಿಡಿದರು.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಸಂಜೆ ನಾಲ್ಕು ಗಂಟೆಗೆ ಕಿಟಕಿಯ ಹೊರಗೆ ನಿಂತು ಮಾತಾಡಬಹುದಾಗಿತ್ತು, ಅಷ್ಟೆ. ನನ್ನ ಮಂಚ ಕಿಟಕಿಯ ಪಕ್ಕದಲ್ಲೇ ಇತ್ತು. ಆ ಸಂಜೆ ಅಪ್ಪ ಕಂಬಿ ಹಿಡಿದು ನಿಂತು, ಮಗುವಿನ ಕಡೆ ಒಂದು ಸಲ ಕಣ್ಣು ಹಾಯಿಸಿ, ನನ್ನನ್ನು ಕೇಳಿದ ಮೊದಲ ಮಾತು:

"ನೀರು ಕುಡಿದ್ಯಾ?"

"ಕುಡಿದೆ ಅಪ್ಪ."

"ಎಷ್ಟು?"

ಮಗು ಹೇಗಿದೆ, ಯಾರ ಹಾಗಿದೆ ಎಂದು ಕೇಳದೆ ನೀರಿನ ಮಾತೇಕೆಂದು ನನಗೆ ತೋಚಲಿಲ್ಲ. "ಎರಡು ಲೋಟ" ಎಂದೆ. ಆಮೇಲೆ ಅವನು ಮಗುವನ್ನು ನೋಡಿದ. ನೋಡಿಯೇ ನೋಡಿದ. ಆಯಾ ಬಂದು "ಹೊತ್ತಾಯ್ತು ಯಜಮಾನ್ರೇ" ಎನ್ನುವವರೆಗೆ ಅಲ್ಲಾಡಲಿಲ್ಲ.

ಆಸ್ಪತ್ರೆಯವರೂ ಊಟ ಕೊಡುತ್ತಿದ್ದರು. ಅದನ್ನು ಕೆಟ್ಟದ್ದೆಂದು ಹೇಳಲಾರೆ. ಬಿಸಿಯಾಗಿ ಬಂದಿದ್ದರೆ ಇಳಿಯುತ್ತಿತ್ತೋ ಏನೋ. ಅಡುಗೆಮನೆ ಕಾಂಪೌಂಡಿನ ಆ ತುದಿಯಲ್ಲಿ, ನಮ್ಮ ವಾರ್ಡು ಈ ತುದಿಯಲ್ಲಿ. ಬೆಳಿಗ್ಗೆ ಒಂದು ಲೋಟ ಹಾಲು, ಎರಡು ತುಂಡು ಡಬಲ್‌ರೊಟ್ಟಿ, ಅಂದರೆ ಬ್ರೆಡ್ಡು. ಮಧ್ಯಾಹ್ನ ರೇಷನ್ ಅಕ್ಕಿಯ ಅನ್ನ, ಅದಕ್ಕೆ ಗೋಣಿಚೀಲದ ವಾಸನೆ. ಬೇಳೆ ತಳದಲ್ಲಿ, ನೀರು ಮೇಲೆ ನಿಂತ ಸಾರು. ಸಂಜೆ ತೆಳ್ಳನೆಯ ಗಂಜಿ. ಪಿಂಗಾಣಿ ತಟ್ಟೆಯಲ್ಲಿ ಅನ್ನ ಆರಿ, ಅಂಚಿನಲ್ಲಿ ಒಣಗಿ ಬರುತ್ತಿತ್ತು. ಡಬಲ್‌ರೊಟ್ಟಿಯನ್ನಂತೂ ಯಾರೂ ಮುಟ್ಟುತ್ತಿರಲಿಲ್ಲ. ಅದು ಜ್ವರ ಬಂದವರು ತಿನ್ನುವುದೆಂದು ನಮ್ಮ ಕಡೆಯ ಎಲ್ಲರ ನಂಬಿಕೆ. ಮನೆಯಿಂದ ಯಾರಾದರೂ ಜೊತೆಗೆ ಬಂದಿದ್ದರೆ ಬಾಣಂತಿಯರು ಅವರು ಮಾಡಿದ್ದನ್ನು ತಿನ್ನುತ್ತಿದ್ದರು. ಆಸ್ಪತ್ರೆಯ ತಟ್ಟೆಗಳು ಬಂದ ಹಾಗೇ ವಾಪಸು ಹೋಗುತ್ತಿದ್ದವು.

ಮರುದಿನ ಅಪ್ಪನ ಮೊದಲ ಅಡುಗೆ ಬಂತು. ಆಯಾ ಪಾತ್ರೆ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಅನ್ನದ ಒಂದು ಪಾಲು ಅಂಟು, ಒಂದು ಪಾಲು ಗಟ್ಟಿ ಕಾಳು. ಮೆಣಸಿನ ಸಾರು ಕಪ್ಪಗಿತ್ತು. ಒಂದು ತುತ್ತು ಬಾಯಿಗಿಟ್ಟೆ, ಕಿವಿಯಲ್ಲಿ ಬೆಂಕಿ ಹೊತ್ತಿದಂತಾಯಿತು. ಕಣ್ಣು ಮೂಗಿನಲ್ಲೆಲ್ಲ ನೀರು. ಆದರೂ ಬಿಡಲಿಲ್ಲ, ತಿಂದೆ. ಅವನು ಕೂತು ಊದಿ ಊದಿ ಒಲೆ ಹಚ್ಚಿದ್ದು ಕಣ್ಣಿಗೆ ಕಟ್ಟಿದಂತಾಗಿ, ಬಿಡಲು ಆಗಲಿಲ್ಲ.

ಪಕ್ಕದ ಮಂಚದಲ್ಲಿದ್ದ ಬಾಣಂತಿ ನನ್ನನ್ನೇ ನೋಡುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಶ್ರೀನಿವಾಸಪುರದ ಕಡೆಯ ಹಳ್ಳಿಯವಳು, ಮನೆಮಾತು ತೆಲುಗು.

"ಯಾರು ತಂಗೀ ಮಾಡಿದ್ದು? ಗಂಡಸರಾ?"

"ನಮ್ಮಪ್ಪ" ಎಂದೆ ಮೂಗೊರೆಸಿಕೊಂಡು.

ಅವಳು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತದೆಂದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮತ್ತೆ ನಕ್ಕಳು. ನಾನೂ ನಕ್ಕೆ. ನಮ್ಮ ಸ್ನೇಹ ಹಾಗೆ ಶುರುವಾಯಿತು. ನಾನು ಅವಳನ್ನು ಅಕ್ಕ ಎಂದೇ ಕರೆದೆ.

ಹುಣಸೆಮರದ ಕೆಳಗೆ ಇನ್ನೂ ಐದಾರು ಒಲೆಗಳು ಉರಿಯುತ್ತಿದ್ದವು. ಅಲ್ಲಿದ್ದವರೆಲ್ಲ ಬಾಣಂತಿಯರ ತಾಯಂದಿರು, ಅತ್ತೆಯರು, ಅಕ್ಕಂದಿರು. ಮೊದಲ ದಿನ ಅವರು ಅಪ್ಪನಿಗೆ ಬೆನ್ನು ಮಾಡಿ ಕೂತರಂತೆ. ಎರಡನೆಯ ದಿನ ಅವನ ಅನ್ನ ಸೀದ ವಾಸನೆ ತಡೆಯಲಾರದೆ ಒಬ್ಬಳು ಎದ್ದು ಬಂದು ಕಟ್ಟಿಗೆ ಎಳೆದಳಂತೆ. ಆಮೇಲೆ ಎಲ್ಲರೂ ಅವನಿಗೆ ಹೇಳಿಕೊಡುವವರೇ. ಒಬ್ಬಳು ಸಬ್ಬಸಿಗೆ ಸೊಪ್ಪು ಹಾಕು, ಹಾಲು ಹೆಚ್ಚುತ್ತೆ ಎಂದರೆ, ಇನ್ನೊಬ್ಬಳು ಸೊಪ್ಪೆಲ್ಲ ಶೀತ ಎನ್ನುವಳು. ಅವರೆ ಕಾಲವಾದ್ದರಿಂದ ಅಪ್ಪ ಒಂದು ದಿನ ಅವರೆಕಾಳಿನ ಸಾರು ಮಾಡಿಬಿಟ್ಟಿದ್ದ. ಆಯಾ ಅದನ್ನು ಬಾಗಿಲಲ್ಲೇ ತಡೆದು, "ಹಸುಗೂಸಿಗೆ ಹೊಟ್ಟೆನೋವು ಬರ್ಸಬೇಕು ಅಂತಿದ್ದೀರಾ?" ಎಂದು ಬೈದು ಅವನಿಗೇ ಕೊಟ್ಟು ಬಂದಳು. ಯಾರ ಮಾತು ಕೇಳುವುದೆಂದು ತಿಳಿಯದೆ ಅಪ್ಪ ನರ್ಸಮ್ಮನನ್ನು ತಡೆದು ಕೇಳಿದನಂತೆ. ಅವರು, "ಹಸಿವಾದಷ್ಟು ಊಟ, ಬಾಯಾರಿದಷ್ಟು ನೀರು, ಸೊಪ್ಪು, ಕಾಳು, ಹಾಲು. ಹೆದರಬೇಡಿ" ಎಂದರಂತೆ. ಅಂದಿನಿಂದ ಅಪ್ಪನಿಗೆ ಅದೇ ವೇದವಾಕ್ಯ.

ಅಪ್ಪ ಒಲೆ ಹೂಡಿದ ನಾಲ್ಕನೆಯ ದಿನದ ಹೊತ್ತಿಗೆ ನನ್ನ ಪಾತ್ರೆಯಲ್ಲಿ ಬರುತ್ತಿದ್ದುದೇ ಬೇರೆ. ಬೆಳಿಗ್ಗೆ ಬೆಲ್ಲ ಹಾಕಿದ ಮೆಂತ್ಯದ ಗಂಜಿ. ಮಧ್ಯಾಹ್ನ ಬೆಣ್ಣೆಯಂತೆ ಮೆತ್ತಗಿನ ಹಿಟ್ಟಿನ ಮುದ್ದೆ, ಹುರುಳಿ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಸಂಜೆ ನುಗ್ಗೆಸೊಪ್ಪಿನ ಪಲ್ಯ, ಅನ್ನ. ಎಲ್ಲವೂ ಹೊಗೆಯಾಡುತ್ತ ಬರುತ್ತಿತ್ತು, ಏಕೆಂದರೆ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಆಯಾಳ ಕೈಗೆ ಕೊಡುತ್ತಿದ್ದ.

ಪಕ್ಕದ ಮಂಚದ ಅಕ್ಕನಿಗೆ ಅದು ಮೂರನೆಯ ಹೆರಿಗೆ, ಮೂರನೆಯ ಹೆಣ್ಣು. ಅವಳ ಜೊತೆ ಅತ್ತೆ ಬಂದಿದ್ದರು. ಒಣಕಲು ಮೈಯ, ಚುರುಕು ಕಣ್ಣಿನ ಮುದುಕಿ. ಅವರು ಸೊಸೆಗೆ ಹಳೇ ಪದ್ಧತಿಯ ಪಥ್ಯ ಮಾಡಿಸುತ್ತಿದ್ದರು. ದಿನಕ್ಕೆ ಒಂದು ಹೊತ್ತು ಒಂದು ಹಿಡಿ ಹಳೇ ಅಕ್ಕಿಯ ಅನ್ನ, ಮೆಣಸಿನ ಪುಡಿ, ಒಂದು ಚಮಚ ತುಪ್ಪ. ನೀರಂತೂ ಇಲ್ಲವೇ ಇಲ್ಲ. ನೀರು ಕುಡಿದರೆ ಬಾಣಂತಿಯ ಮೈ ಊದಿಕೊಳ್ಳುತ್ತದೆ, ಸನ್ನಿ ಹಿಡಿಯುತ್ತದೆ ಎಂದು ಅವರ ನಂಬಿಕೆ. ನರ್ಸಮ್ಮ ಇಟ್ಟು ಹೋದ ನೀರಿನ ಲೋಟವನ್ನು ಅವರು ಮೆಲ್ಲಗೆ ಕಿಟಕಿಯಿಂದಾಚೆ ಚೆಲ್ಲುತ್ತಿದ್ದರು. ಆಸ್ಪತ್ರೆಯ ಊಟವನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಸೊಸೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಕಾಲು ಒತ್ತುತ್ತಿದ್ದರು, ತಲೆಗೆ ಎಣ್ಣೆ ತಿಕ್ಕುತ್ತಿದ್ದರು. ಊಟ ನೀರಿನ ವಿಷಯದಲ್ಲಿ ಮಾತ್ರ ಕಲ್ಲು.

ಅಕ್ಕನಿಗೆ ಹಾಲು ಇಳಿಯಲಿಲ್ಲ. ಮಗು ಒಂದೇ ಸಮ ಅಳುತ್ತಿತ್ತು. ನನ್ನ ಹೆರಿಗೆಯಾದ ಐದನೆಯ ದಿನ ಮಧ್ಯಾಹ್ನ ನಾನು ಮಗ್ಗಲು ಬದಲಿಸಿದಾಗ ನೋಡಿದೆ. ಅತ್ತೆ ಇಲ್ಲದ ಹೊತ್ತು, ಅವಳು ಮಗುವಿನ ಮೈಯೊರೆಸುವ ಒದ್ದೆ ಬಟ್ಟೆಯನ್ನು ಬಾಯಿಗಿಟ್ಟು ಹೀರುತ್ತಿದ್ದಳು. ನನ್ನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವಳು ಬಟ್ಟೆ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು.

"ಅಕ್ಕ, ನನ್ನ ಲೋಟದಲ್ಲಿ ನೀರಿದೆ" ಎಂದೆ.

"ಬೇಡ ತಂಗೀ. ಮಗೂ ಮೇಲೆ ಕೈ ಇಟ್ಟು ಆಣೆ ಮಾಡ್ಸಿದ್ದಾರೆ. ನೀರು ಕುಡಿಯಲ್ಲ ಅಂತ."

ಸಂಜೆ ಕಿಟಕಿಗೆ ಬಂದ ಅಪ್ಪ ಕೇಳಿದ, "ಆ ಕೂಸು ಯಾಕಮ್ಮ ಹಂಗಳುತ್ತೆ? ಮರದ ಕೆಳಕ್ಕೂ ಕೇಳುತ್ತೆ." ನಾನು ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅವನ ಮುಖ ಒಂಥರಾ ಆಯಿತು. ಕಂಬಿ ಬಿಟ್ಟು ಹೊರಟುಹೋದ.

ಮರುದಿನ ಬಂದ ಪಾತ್ರೆ ದೊಡ್ಡದು. "ಎರಡು ಬಾಣಂತೀರಿಗಂತೆ" ಎಂದು ಆಯಾ ಮೆಲ್ಲಗೆ ಹೇಳಿ, ಅತ್ತೆ ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ ಅಕ್ಕನ ಮುಂದೆಯೂ ಒಂದು ತಟ್ಟೆ ಇಟ್ಟಳು. ತೆಳ್ಳಗಿನ ರಾಗಿಗಂಜಿ, ಹುರುಳಿಕಟ್ಟು.

"ನೀರು ತಾನೇ ಆಣೆ? ಇದು ಗಂಜಿ ಅಕ್ಕ" ಎಂದೆ.

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಒಂದೇ ಉಸಿರಿಗೆ ಕುಡಿದಳು. ಕುಡಿದ ಮೇಲೆ ಅಳಲಿಲ್ಲ, ನಗಲಿಲ್ಲ. ಕಣ್ಣು ಮುಚ್ಚಿ ಹಾಗೇ ಕೂತಳು. ಮೂರು ದಿನ ಹೀಗೇ ನಡೆಯಿತು. ಮೂರನೆಯ ದಿನ ಅವಳ ರವಿಕೆ ಒದ್ದೆಯಾಯಿತು. ಮಗು ಹೊಟ್ಟೆ ತುಂಬ ಕುಡಿದು, ಹುಟ್ಟಿದ ಮೇಲೆ ಮೊದಲ ಸಲ ಅಷ್ಟು ಹೊತ್ತು ನಿದ್ದೆ ಮಾಡಿತು.

ಆ ನಿದ್ದೆಯೇ ಗುಟ್ಟು ರಟ್ಟು ಮಾಡಿತು. ಮಗು ಅಳುತ್ತಿಲ್ಲವೇಕೆಂದು ಅತ್ತೆ ಗಾಬರಿಯಾಗಿ ಬಟ್ಟೆ ಸರಿಸಿ ನೋಡುವಾಗ ಮಂಚದ ಕೆಳಗಿನ ತಟ್ಟೆ ಕಣ್ಣಿಗೆ ಬಿತ್ತು. ರಾಗಿ ಇನ್ನೂ ಅಂಚಿಗೆ ಅಂಟಿಕೊಂಡಿತ್ತು. ಸೊಸೆಯನ್ನು ಏನೂ ಕೇಳದೆ ಅವರು ತಟ್ಟೆ ಹಿಡಿದು ನೇರ ಹುಣಸೆಮರದ ಹತ್ತಿರ ಹೋದರು. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಅಯ್ಯೋ ದೇವುಡಾ! ಯಾರಯ್ಯಾ ನೀನು, ನಮ್ಮನೆ ಸೊಸೆಗೆ ಗಂಜಿ ಕುಡಿಸೋಕೆ? ಅವಳಿಗೆ ಸನ್ನಿ ಹಿಡಿದ್ರೆ ಆ ಮೂರು ಮಕ್ಕಳನ್ನ ನೀನು ಸಾಕ್ತೀಯಾ?"

ಒಲೆಗಳ ಮುಂದಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅಪ್ಪ ಎದ್ದು ನಿಂತ. ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. ಅವನು ಜಗಳವಾಡುತ್ತಾನೆಂದು ನಾನು ಹೆದರಿದ್ದೆ.

"ತಪ್ಪಾಯ್ತು ತಾಯಿ" ಎಂದ. "ನಿಮ್ಮನ್ನ ಕೇಳದೇ ಕೊಟ್ಟಿದ್ದು ತಪ್ಪು. ಆದ್ರೆ ಒಂದು ಮಾತು ಕೇಳಿ. ನನ್ನ ಹೆಂಡ್ತಿ ಬಾಣಂತಿಯಾಗಿದ್ದಾಗ ಅವಳಿಗೂ ನೀರು ಕೊಡ್ಲಿಲ್ಲ. ನಮ್ಮವ್ವ ಬೇಡ ಅಂದ್ಲು, ಒಳ್ಳೇದಕ್ಕೇ ಅಂದ್ಲು. ನಾನು ಬಾಗ್ಲಲ್ಲಿ ನಿಂತಿದ್ದೆ. ಜ್ವರದಲ್ಲಿ ಅವಳು ನನ್ನ ನೋಡಿ ಕೈ ಹಿಂಗೆ ಮಾಡಿದ್ಲು..." ಅಪ್ಪ ಬೊಗಸೆಯನ್ನು ಬಾಯಿಯ ಹತ್ತಿರ ತಂದು ತೋರಿಸಿದ. "ಚೊಂಬು ನನ್ನ ಪಕ್ಕದಲ್ಲೇ ಇತ್ತು. ಹೆಂಗಸರ ವಿಷಯ ನಂಗೇನು ಗೊತ್ತು ಅಂತ ಸುಮ್ಮನಾದೆ. ಹನ್ನೊಂದನೇ ದಿನ ಹೋದ್ಲು. ನೀರು ಕೊಟ್ಟಿದ್ರೆ ಉಳೀತಿದ್ಲೋ ಇಲ್ವೋ, ದೇವರಿಗೇ ಗೊತ್ತು. ಬಾಯಾರಿಕೊಂಡು ಹೋಗ್ತಿರಲಿಲ್ಲ, ಅಷ್ಟೇ."

ನಾನು ಕಿಟಕಿಯ ಕಂಬಿ ಹಿಡಿದು ಕೂತಿದ್ದೆ. ಒಂಬತ್ತು ವರ್ಷಗಳಲ್ಲಿ ಅವನು ಇದನ್ನು ನನಗೆ ಹೇಳಿರಲಿಲ್ಲ. ಅಜ್ಜಿಗೂ ಹೇಳಿರಲಾರ. ಪರಊರಿನ ಮುದುಕಿಯೊಬ್ಬರ ಮುಂದೆ, ಹತ್ತು ಜನ ಹೆಂಗಸರ ನಡುವೆ, ಹೊಗೆಯಲ್ಲಿ ನಿಂತು ಹೇಳಿದ.

ಅತ್ತೆ ನಿಂತೇ ಇದ್ದರು. ಆಮೇಲೆ ಅಲ್ಲೇ ಬೇರಿನ ಮೇಲೆ ಕುಕ್ಕರಿಸಿದರು. ಅವರ ದನಿ ಇಳಿದಿತ್ತು.

"ನಂಗೂ ಹಿಂಗೇ ಮಾಡಿದ್ರು ನಾಯನಾ. ಐದು ಹೆತ್ತೆ. ಐದು ಸಲಾನೂ ನೀರಿಗೆ ಅಂತ ಅತ್ತಿದ್ದೆ. ಉಳಿದಿದ್ದು ಇವಳ ಗಂಡ ಒಬ್ಬನೇ. ನಾನು ಬದುಕಿದ್ದು ಪಥ್ಯದಿಂದ ಅಂದುಕೊಂಡಿದ್ದೆ."

ಆಮೇಲೆ ಅವರು ಅಪ್ಪನ ಪಾತ್ರೆಯ ಕಡೆ ಕೈ ಚಾಚಿ, ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದರು.

"ಉಪ್ಪೇ ಇಲ್ಲ. ಇಂಥದ್ದನ್ನ ಮೂರು ದಿನ ಕುಡಿದ್ಲಾ ನಮ್ಮ ಹುಡುಗಿ?"

ಆ ಸಂಜೆ ಅವರೇ ಒಳಗೆ ಬಂದು ಸೊಸೆಯ ತಲೆ ಎತ್ತಿ ಹಿಡಿದು ಲೋಟದಿಂದ ನೀರು ಕುಡಿಸಿದರು. "ಆಣೆ ನಾನು ವಾಪಸು ತಗೊಂಡೆ, ಕುಡಿ" ಎಂದರು. ಅಕ್ಕ ಒಂದು ಲೋಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದಳು. ಮುದುಕಿಗೆ ಇನ್ನೂ ಭಯವಿತ್ತು. ಬೆಳಗಾಗುವವರೆಗೆ ಸೊಸೆಯ ಪಾದ ಬಿಸಿಯಾಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದರೆಂದು ಅಕ್ಕ ಮರುದಿನ ಹೇಳಿದಳು.

ಅಂದಿನಿಂದ ಎರಡು ಒಲೆ ಒಂದಾದವು. ಅತ್ತೆ ಒಗ್ಗರಣೆ ಹಾಕುತ್ತಿದ್ದರು, ಅಪ್ಪ ಹಿಟ್ಟು ಕೂಡಿಸುತ್ತಿದ್ದ. ಅದಕ್ಕೆ ತೋಳಿನ ಬಲ ಬೇಕಲ್ಲ. ಮನೆಯಿಂದ ಯಾರೂ ಬಾರದ ಇನ್ನಿಬ್ಬರು ಬಾಣಂತಿಯರಿಗೂ ಅಲ್ಲಿಂದಲೇ ಹೋಗತೊಡಗಿತು.

ಡಾಕ್ಟರಮ್ಮನ ಕಿವಿಗೆ ಇದು ಬಿತ್ತು. ಅವರು ಹೊರ ಸೀಮೆಯವರು, ಪುಸ್ತಕದಿಂದ ಕಲಿತ ಕನ್ನಡ. ಒಂದು ಬೆಳಿಗ್ಗೆ ಅಡುಗೆಯವನನ್ನು ಕರೆದುಕೊಂಡು ಮರದ ಕೆಳಗೇ ಬಂದರು. ಬೈಯಲು ಬಂದರೆಂದು ಹೆಂಗಸರು ಒಲೆಗೆ ಅಡ್ಡವಾಗಿ ಕೂತರು.

"ನಮ್ಮ ಊಟವನ್ನು ಯಾರೂ ತಿನ್ನುವುದಿಲ್ಲ. ನಿಮ್ಮದನ್ನು ತಿನ್ನುತ್ತಾರೆ. ಏಕೆ?" ಎಂದು ಕೇಳಿದರು.

ಅಪ್ಪ ಅಡುಗೆಯವನ ಮುಖ ನೋಡಿ ಹಿಂಜರಿದ. ಆ ವಯಸ್ಸಾದ ಮನುಷ್ಯನೇ, "ಹೇಳಿ ಹೇಳಿ. ನಂಗೆ ಕೊಟ್ಟಿದ್ದನ್ನ ಬೇಯಿಸ್ತೀನಿ. ಅಲ್ಲಿಂದ ಇಲ್ಲಿಗೆ ಬರೋ ಹೊತ್ಗೆ ಆರಿ ಹೋಗಿರುತ್ತೆ" ಎಂದ.

"ಡಬಲ್‌ರೊಟ್ಟಿ ನಮ್ಮ ಹೆಂಗಸರಿಗೆ ಕಾಯಿಲೆಯವರ ತಿಂಡಿ ತಾಯಿ" ಎಂದ ಅಪ್ಪ. "ಕಂಡ್ರೇ ಭಯ ಪಡ್ತಾರೆ. ಬೆಳಿಗ್ಗೆ ರಾಗಿಗಂಜಿ ಕೊಡಿ, ಬೆಲ್ಲ ಹಾಕಿ. ಸಾರಿಗೆ ಹುರುಳಿಕಟ್ಟು. ಬಿಸಿಯಾಗಿ ಕೊಡಿ. ಅವರು ತಿಂದೇ ತಿಂತಾರೆ."

ಡಾಕ್ಟರಮ್ಮ ಒಂದು ಲೋಟ ಗಂಜಿ ಕೇಳಿ ಈಸಿಕೊಂಡು, ನಿಂತಲ್ಲೇ ಕುಡಿದು, ಅಡುಗೆಯವನಿಗೂ ಕೊಡಿಸಿದರು. ಎರಡು ದಿನ ಅಪ್ಪ ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಗೆ ಹೋಗಿ ಗಂಟಿಲ್ಲದ ಹಾಗೆ ಗಂಜಿ ಕಲಸುವುದನ್ನು ತೋರಿಸಿಕೊಟ್ಟ. ನಾನು ಅಲ್ಲಿಂದ ಹೊರಡುವ ವೇಳೆಗೆ ಬೆಳಗಿನ ಗಂಜಿ ಮುಚ್ಚಿದ ಪಾತ್ರೆಯಲ್ಲಿ ಬಿಸಿಯಾಗಿ ವಾರ್ಡಿಗೆ ಬರುತ್ತಿತ್ತು. ಮಧ್ಯಾಹ್ನದ ಅನ್ನ ಮಾತ್ರ ಹಾಗೇ ಇತ್ತು. ರೇಷನ್ ಅಕ್ಕಿಯ ವಾಸನೆಗೆ ಯಾರೂ ಏನೂ ಮಾಡುವಂತಿರಲಿಲ್ಲ.

ಹೊರಡುವ ಹಿಂದಿನ ದಿನ ನನ್ನನ್ನು ವರಾಂಡದವರೆಗೆ ನಡೆಯಲು ಬಿಟ್ಟರು. ಅಪ್ಪ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

"ಅವತ್ತು ನೀನು ಹೇಳಿದ್ದು ಕೇಳಿಸ್ತು ಅಪ್ಪ."

ಅವನು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನೀನು ಹುಟ್ಟಿದಾಗಲೂ ಅಷ್ಟೇ ಕಣಮ್ಮ. ನಿಮ್ಮಮ್ಮ ಏನು ತಿಂದ್ಲು, ಹೊಟ್ಟೆ ತುಂಬ್ತಾ ಅಂತ ಒಂದಿನಾನೂ ಕೇಳಲಿಲ್ಲ. ಕೇಳ್ಬೇಕು ಅಂತ್ಲೇ ಹೊಳೀಲಿಲ್ಲ."

ಒಂದು ಹಿಡಿ ಸೊಪ್ಪು ತೆಗೆದುಕೊಂಡು ನಾನೂ ಬಿಡಿಸತೊಡಗಿದೆ. "ಬಾಣಂತಿ ತಣ್ಣೀರಲ್ಲಿ ತೊಳೆದ ಸೊಪ್ಪು ಮುಟ್ಟಬಾರದು" ಎಂದು ಅವನು ಅದನ್ನು ಕೈಯಿಂದ ಕಿತ್ತುಕೊಂಡ. ಅಷ್ಟರಮಟ್ಟಿಗೆ ಅವನು ಆ ಹೆಂಗಸರ ಶಿಷ್ಯನಾಗಿಬಿಟ್ಟಿದ್ದ.

ಅಕ್ಕ ನಮಗಿಂತ ಒಂದು ದಿನ ಮೊದಲೇ ಊರಿಗೆ ಹೋದಳು. ಎತ್ತಿನ ಗಾಡಿ ಹತ್ತುವಾಗ ಅವಳ ಅತ್ತೆ ನನ್ನ ಮಗುವಿನ ಹಣೆ ಮುಟ್ಟಿ, ಅಪ್ಪನ ಕಡೆ ತಿರುಗಿ, "ಬರ್ತೀವಿ ನಾಯನಾ, ಉಪ್ಪು ಹಾಕೋದು ಮರೀಬೇಡ" ಎಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಎರಡು ವರ್ಷದ ನಂತರ ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದ, ಆ ಕಡೆಯ ಮೇಷ್ಟ್ರೊಬ್ಬರಿಂದ ಅಕ್ಕನ ಮಗು ಗುಂಡಗಿದೆ, ಓಡಾಡುತ್ತಿದೆ ಎಂಬ ಸುದ್ದಿ ಬಂತು.

ನಾನು ಮಗುವಿನೊಂದಿಗೆ ತೌರಿನಲ್ಲಿ ಇನ್ನೂ ಮೂರು ತಿಂಗಳಿದ್ದೆ. ಅಪ್ಪ ಒಂದು ದಿನವೂ ಅಜ್ಜಿಯ ಮುಂದೆ ಆ ಮಾತು ಎತ್ತಲಿಲ್ಲ. ಅಜ್ಜಿಯೇ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡು, ಅಲ್ಲಿ ಬಾಣಂತಿಯರಿಗೆ ನೀರು ಕೊಡುತ್ತಿದ್ದರೇ ಎಂದು ಕೇಳಿದಳು. ಕೊಡುತ್ತಿದ್ದರು ಎಂದೆ. ಯಾರಿಗಾದರೂ ಏನಾದರೂ ಆಯಿತೇ ಎಂದಳು. ಯಾರಿಗೂ ಏನೂ ಆಗಲಿಲ್ಲ ಎಂದೆ. ಅವಳು ತಲೆಯಾಡಿಸಿ, ತನ್ನ ಮಂಜುಗಣ್ಣನ್ನು ಅಂಗಳದ ಬಿಸಿಲಿನ ಕಡೆ ತಿರುಗಿಸಿದಳು. ಆಮೇಲೆ ಮಗುವನ್ನು ಕೊಡು ಎಂದು ಮಡಿಲು ಚಾಚಿದಳು.